ಹಿನ್ನೀರಿನಲ್ಲಿ ಮುಳುಗಿದ ಊರಿನ ಮನೆತನಗಳ ನೆನಪನ್ನು ಬರೆದಿಡುವುದು ಹೇಗೆ?

ಪ್ರಶ್ನೆ: ಹಿನ್ನೀರ ದಂಡೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣಾ ನದಿಯ ದಂಡೆಗಿದ್ದ ನಮ್ಮ ಊರಿನಲ್ಲಿ ನೂರು ಮನೆಗಳೂ ಇರಲಿಲ್ಲ. ಆಲಮಟ್ಟಿ ಜಲಾಶಯದಲ್ಲಿ ಸಮುದ್ರಮಟ್ಟದಿಂದ 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ 2000ದಲ್ಲಿ ಒಪ್ಪಿದ ಮೇಲೆ ಹಿನ್ನೀರು ಏರುತ್ತ ಬಂದು ಊರು ಮುಳುಗಿತು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಪುನರ್ವಸತಿ ಕೇಂದ್ರದಲ್ಲಿ ನಮಗೆ ನಿವೇಶನಗಳು ಸಿಕ್ಕವು, ಆದರೆ ಅವನ್ನು ಚೀಟಿ ಎತ್ತಿ ಹಂಚಿದ್ದರಿಂದ ತಲೆಮಾರುಗಳಿಂದ ಒಂದೇ ಗೋಡೆಗೆ ಆತುಕೊಂಡಿದ್ದ ಮನೆಯವರು ಬೇರೆ ಬೇರೆ ಸಾಲುಗಳಿಗೆ ಹೋದರು. ಪರಿಹಾರದ ಹಣದಲ್ಲಿ ದೂರದಲ್ಲಿ ಹೊಲ ಕೊಂಡವರು ಆ ಕಡೆಗೇ ಹೊರಟುಹೋದರು. ದುಡಿಯಲು ಗೋವಾಕ್ಕೂ ಪುಣೆಗೂ ಹೋದವರಲ್ಲಿ ಹಲವರು ಅಲ್ಲಿಯೇ ನೆಲೆನಿಂತರು. ಬೇಸಿಗೆಯಲ್ಲಿ ನೀರು ಇಳಿದು ಹಳೆಯ ಹನುಮಪ್ಪನ ಗುಡಿಯ ಕಟ್ಟೆ ಕಾಣಿಸಿಕೊಂಡಾಗ ಕಾಯಿ ಒಡೆಸಲು ಹೋಗುವ ಆ ಒಂದು ದಿನ ಬಿಟ್ಟರೆ, ಈಗ ಊರಿನವರು ಒಟ್ಟಿಗೆ ಸೇರುವ ಸಂದರ್ಭವೇ ಇಲ್ಲ.

ಕಳೆದ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಹೆಳವರು ಬಂದಿದ್ದರು. ಹೆಳವರನ್ನು ಕಾಣದ ಭಾಗದ ಓದುಗರಿಗಾಗಿ ಹೇಳುತ್ತೇನೆ: ಇವರು ಒಕ್ಕಲು ಮನೆತನಗಳ ವಂಶಾವಳಿಯನ್ನು ಹೇಳುತ್ತ, ಬರೆದಿಡುತ್ತ ಊರೂರು ತಿರುಗುವ ಅಲೆಮಾರಿ ಸಮುದಾಯದವರು. ಹಿಂದೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುತ್ತಿದ್ದರು. ನಮ್ಮ ಮನೆಗೆ ಬಂದವರು ಮೋಟರ್‌ಸೈಕಲ್ ಮೇಲೆ ಬಂದಿದ್ದರು. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂರಿಸಿದೆವು. ಬಟ್ಟೆಯಲ್ಲಿ ಸುತ್ತಿದ್ದ ಉದ್ದನೆಯ ವಹಿಯನ್ನು ಬಿಚ್ಚಿ ಮೊದಲು ನಮ್ಮ ಮನೆದೇವರನ್ನು, ಬೆಡಗನ್ನು ಅಂದರೆ ಕುಲದ ಹೆಸರನ್ನು, ಮೂಲಪುರುಷ ಯಾವ ಊರಿನಿಂದ ಬಂದನೆಂಬುದನ್ನು ಹೇಳಿ, ಅಲ್ಲಿಂದ ಏಳು ತಲೆಮಾರುಗಳನ್ನು ರಾಗವಾಗಿ ಓದಿದರು. ನಮ್ಮ ತಂದೆಯ ಹೆಸರಿಗೆ ಬಂದಾಗ ನಿಲ್ಲಿಸಿ ಅವ್ವನ ಮುಖ ನೋಡಿದರು. ಅವ್ವ ತಂದೆ ತೀರಿಕೊಂಡ ತಿಥಿಯನ್ನು ಹೇಳಿದಳು, ಅವರು ಬರೆದುಕೊಂಡರು. ಹೊರಡುವಾಗ, "ನನ್ನ ಮಗ ಹುಬ್ಬಳ್ಳ್ಯಾಗ ಗಾಡಿ ಹೊಡಿತಾನ್ರೀ. ನನ್ನ ಹಿಂದ ಇದನ್ನ ಓದಾವ್ರು ಯಾರೂ ಇಲ್ರೀ" ಎಂದರು.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ನಮ್ಮ ಊರಿನ ಎಲ್ಲ ಮನೆತನಗಳ ಚರಿತ್ರೆಯನ್ನು, ಊರಿದ್ದಾಗಿನ ನೆನಪುಗಳನ್ನು ಒಂದು ಕಡೆ ದಾಖಲಿಸಬೇಕೆಂದು ನಾವು ನಾಲ್ಕೈದು ಜನ ನಿರ್ಧರಿಸಿದ್ದೇವೆ. ಎಲ್ಲಿಂದ ಆರಂಭಿಸಬೇಕು? ಹೆಳವರ ವಹಿಯನ್ನು ಫೋಟೋ ತೆಗೆದುಕೊಳ್ಳಬಹುದೇ? ಪುಸ್ತಕವಾಗಿ ಅಚ್ಚು ಹಾಕಿಸುವುದು ಒಳ್ಳೆಯದೇ? ಇಂಥ ಕೆಲಸ ಮಾಡಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಎಂಬತ್ತು ದಾಟಿದ ಹಿರಿಯರು ನಮ್ಮಲ್ಲಿ ಈಗ ಒಂಬತ್ತು ಜನ ಮಾತ್ರ ಉಳಿದಿದ್ದಾರೆ.

ಉತ್ತರ 1: ಎರಿ ಹೊಲ

ತಮ್ಮ ಬರಹ ಓದಿ ನಮ್ಮ ಊರೇ ಕಣ್ಣೆದುರು ಬಂದಿತು. ನಾವು ಕೊಲ್ಹಾರದ ಕಡೆಯವರು, ನದಿಯ ಆಚೆ ದಂಡೆಯವರು. ಮೂರು ವರ್ಷಗಳ ಹಿಂದೆ ನಾವೂ ಈ ಕೆಲಸಕ್ಕೆ ಕೈಹಾಕಿದೆವು. ಮೊದಲ ಆರು ತಿಂಗಳು ವಂಶವೃಕ್ಷಗಳನ್ನೇ ಬರೆಯುತ್ತ ಕುಳಿತು ತಪ್ಪು ಮಾಡಿದೆವೆಂದು ಈಗ ಅನ್ನಿಸುತ್ತದೆ. ಹೆಸರುಗಳ ಪಟ್ಟಿ ಬೆಳೆಯಿತು, ಆದರೆ ಹಿರಿಯರು ಎರಡು ಮಾತು ಹೇಳಿ ಸುಮ್ಮನಾಗುತ್ತಿದ್ದರು. "ನಿಮ್ಮ ಅಜ್ಜನ ಬಗ್ಗೆ ಹೇಳಿ" ಎಂದು ಕೇಳಿದರೆ ಯಾರಿಗಾದರೂ ಏನು ಹೇಳಬೇಕೆಂದು ತೋಚುವುದಿಲ್ಲ.

ಆಮೇಲೆ ಒಬ್ಬರು ಶಿಕ್ಷಕರ ಸಲಹೆಯಂತೆ, ಪುನರ್ವಸತಿ ಕೇಂದ್ರದ ಶಾಲೆಯ ಬಯಲಿನಲ್ಲಿ ರಂಗೋಲಿ ಪುಡಿಯಿಂದ ಹಳೆಯ ಊರನ್ನು ನೆಲದ ಮೇಲೆಯೇ ಬರೆದೆವು. ಮೊದಲು ಹೊಳೆ, ಆಮೇಲೆ ಊರಬಾಗಿಲಾದ ಅಗಸಿ, ಅಗಸಿಯಿಂದ ಗುಡಿಯವರೆಗಿನ ದಾರಿ. ಇಷ್ಟನ್ನು ಮಾತ್ರ ನಾವು ಬರೆದು, ಉಳಿದದ್ದನ್ನು ಹಿರಿಯರಿಗೆ ಬಿಟ್ಟೆವು. ತಮ್ಮ ತಮ್ಮ ಮನೆ ಇದ್ದ ಜಾಗದಲ್ಲಿ ಹೋಗಿ ನಿಲ್ಲಿರೆಂದು ಕೇಳಿಕೊಂಡಾಗ, ಊರುಗೋಲು ಹಿಡಿದವರೂ ಹೋಗಿ ನಿಂತರು. ನಿಂತ ಮೇಲೆ ಪಕ್ಕದಲ್ಲಿ ಯಾರಿದ್ದರು, ಎದುರಿಗೆ ಯಾರ ತಲೆಬಾಗಿಲಿತ್ತು, ಕಾಳು ತುಂಬಿಡುವ ಹಗೇವುಗಳು ಎಲ್ಲಿದ್ದವು, ಕಾರಹುಣ್ಣಿಮೆಯ ದಿನ ಕರಿ ಹರಿಯಲು ಎತ್ತುಗಳನ್ನು ಯಾವ ಓಣಿಯಿಂದ ಬಿಡುತ್ತಿದ್ದರು ಎಂಬ ಮಾತುಗಳು ತಾವಾಗಿಯೇ ಬಂದವು. ಸಿಹಿನೀರಿನ ಬಾವಿ ಬೇವಿನ ಮರದ ಯಾವ ಮಗ್ಗುಲಿಗಿತ್ತೆಂದು ಇಬ್ಬರು ಅಜ್ಜಂದಿರಿಗೆ ಜಗಳವೇ ಆಯಿತು. ಅದನ್ನು ಬಗೆಹರಿಸಿದವರು ಒಬ್ಬ ಅಮ್ಮ. ಕೊಡ ನನ್ನ ಎಡಸೊಂಟದ ಮೇಲೆ ಇರುತ್ತಿತ್ತು, ಅದು ಮರಕ್ಕೆ ತಾಗದಂತೆ ಪ್ರತಿದಿನ ಬಲಕ್ಕೆ ಸರಿದು ನಡೆಯುತ್ತಿದ್ದೆ, ಆದ್ದರಿಂದ ತುಂಬಿದ ಕೊಡ ಹೊತ್ತು ಮನೆಗೆ ಬರುವಾಗ ಮರ ನನ್ನ ಎಡಕ್ಕಿತ್ತು ಎಂದು ಅವರು ಸೊಂಟದ ಮೇಲೆ ಕೈಯಿಟ್ಟು ನಡೆದು ತೋರಿಸಿದರು. ಎತ್ತರದಿಂದ ಫೋಟೋ ತೆಗೆದುಕೊಂಡು ಅದೇ ನಕ್ಷೆಯನ್ನು ಕಾಗದಕ್ಕೆ ಇಳಿಸಿದೆವು. ಪ್ರತಿ ಮನೆಗೂ ಒಂದು ಸಂಖ್ಯೆ ಕೊಟ್ಟೆವು. ನಾವು ಕೂಡಿಸಿದ ಪ್ರತಿಯೊಂದು ಫೋಟೋ, ಧ್ವನಿಮುದ್ರಣ, ಕಾಗದಪತ್ರ ಈಗ ಆ ಸಂಖ್ಯೆಯ ಅಡಿಯಲ್ಲಿದೆ.

ಕಾಲದ ವಿಷಯ. ಇಸವಿ ಕೇಳಬೇಡಿ, ಹಿರಿಯರು ಸಂಕೋಚಕ್ಕೆ ಏನಾದರೊಂದು ಸಂಖ್ಯೆ ಹೇಳಿಬಿಡುತ್ತಾರೆ. 1972ರ ಬರದ ಹೊತ್ತಿಗೆ ಈ ಮನೆ ಕಟ್ಟಿಯಾಗಿತ್ತೇ, ಇವರ ಮದುವೆ ಕರ್ನಾಟಕ ಏಕೀಕರಣಕ್ಕಿಂತ ಮೊದಲೋ ನಂತರವೋ, ಊರಿಗೆ ಕರೆಂಟು ಬಂದಾಗ ಹಿರಿಯ ಮಗ ಶಾಲೆಗೆ ಹೋಗುತ್ತಿದ್ದನೇ ಎಂಬಂಥ ಪ್ರಶ್ನೆಗಳಿಗೆ ಅವರು ತಡವರಿಸದೆ ಉತ್ತರ ಕೊಡುತ್ತಾರೆ.

ಇನ್ನು ಹೆಳವರ ವಹಿ. ಅದು ಆ ಕುಟುಂಬದ ಆಸ್ತಿ, ಅವರ ಅನ್ನ. ಜೋಳದ ಚೀಲ, ಕರು, ಹೊಸ ಬಟ್ಟೆ, ಕಾಣಿಕೆ ಇವೆಲ್ಲ ಅವರಿಗೆ ಬರುವುದು ಆ ವಹಿಯಿಂದ. ಅದನ್ನು ನಾವು ಫೋಟೋ ತೆಗೆದುಕೊಂಡು ಎಲ್ಲರಿಗೂ ಕಳಿಸಿದರೆ ಅವರು ಮತ್ತೆ ನಮ್ಮ ಮನೆಗೆ ಬರುವ ಕಾರಣವೇ ಇಲ್ಲವಾಗುತ್ತದೆ. ಆದ್ದರಿಂದ ಮೊದಲು ಕೇಳಿ, ಅವರು ಬೇಡವೆಂದರೆ ಬಿಟ್ಟುಬಿಡಿ. ಒಪ್ಪಿದರೆ ನಮ್ಮ ಊರಿನ ಪುಟಗಳನ್ನು ಮಾತ್ರ ತೆಗೆಯಿರಿ, ಅವರ ದಿನದ ದುಡಿಮೆಗೆ ತಕ್ಕ ಸಂಭಾವನೆ ಕೊಡಿ, ಒಂದು ಗಟ್ಟಿ ರಟ್ಟಿನ ಪ್ರತಿಯನ್ನು ಮಾಡಿಸಿ ಅವರ ಕೈಗೇ ಕೊಡಿ. ಅದಕ್ಕಿಂತ ಮುಖ್ಯವಾದದ್ದು, ಅವರು ಓದುವುದನ್ನು ಪೂರ್ತಿ ಧ್ವನಿಮುದ್ರಣ ಮಾಡಿಕೊಳ್ಳಿ. ನಾವು ನೋಡಿದ ವಹಿಯಲ್ಲಿ ಬರೆದದ್ದು ಬರೀ ಗುರುತುಗಳಷ್ಟೇ ಆಗಿತ್ತು. ಯಾರು ಯಾರೊಂದಿಗೆ ಬೇರೆಯಾದರು, ಯಾವ ಬರಗಾಲದಲ್ಲಿ ಯಾವ ಊರು ಬಿಟ್ಟರು ಎಂಬ ಕಥೆಯೆಲ್ಲ ಓದುವವರ ನಾಲಿಗೆಯ ಮೇಲಿತ್ತು. ವಹಿಗೂ ನಿಮ್ಮ ಮನೆಯವರ ಮಾತಿಗೂ ಹೊಂದಿಕೆಯಾಗದಿದ್ದಾಗ ಒಂದನ್ನು ಅಳಿಸಬೇಡಿ, ಎರಡನ್ನೂ ಯಾರು ಹೇಳಿದ್ದೆಂಬ ಮಾಹಿತಿಯೊಂದಿಗೆ ಬರೆದಿಡಿ.

ಮೊಬೈಲಿನಲ್ಲಿ ಮುದ್ರಿಸುವಾಗ ಏರೋಪ್ಲೇನ್ ಮೋಡ್ ಹಾಕಿ, ಫ್ಯಾನ್ ಆರಿಸಿ, ಆರಂಭದಲ್ಲೇ ದಿನಾಂಕ, ಸ್ಥಳ ಮತ್ತು ಮಾತನಾಡುವವರ ಹೆಸರನ್ನು ಹೇಳಿಬಿಡಿ. ಬರಹಕ್ಕೆ ಇಳಿಸುವಾಗ ಅವರ ಜವಾರಿ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. "ಮ್ಯಾಲ್ಮುದ್ದಿ ಮನಿ" ಎಂದವರ ಮಾತನ್ನು "ಮಣ್ಣಿನ ಮಾಳಿಗೆಯ ಮನೆ" ಎಂದು ನಾವು ಬರೆದುಬಿಟ್ಟಿದ್ದೆವು. ಆ ಅಜ್ಜ ಈಗಿಲ್ಲ, ಮೂಲ ಮುದ್ರಣ ಉಳಿದಿರುವುದರಿಂದ ಅವರ ಮಾತು ಉಳಿದಿದೆ.

ಉತ್ತರ 2: ಕೌದಿ

ಮೇಲಿನವರು ಹೇಳಿದ್ದೆಲ್ಲವೂ ಸರಿಯಾಗಿದೆ. ನಾನು ಹೇಳಬೇಕಾದದ್ದು ಇನ್ನೊಂದಿದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನನ್ನ ತವರುಮನೆಯ ವಂಶಾವಳಿಯನ್ನು ಹೆಳವರು ಓದುವುದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಅದರಲ್ಲಿ ಗಂಡುಮಕ್ಕಳ ಹೆಸರುಗಳು ಒಂದೊಂದಾಗಿ ಬರುತ್ತವೆ. ಹೆಣ್ಣುಮಕ್ಕಳು ಬಂದಾಗ ಇಂಥ ಊರಿಗೆ ಕೊಟ್ಟರು ಎನ್ನುವಷ್ಟಕ್ಕೆ ಮುಗಿಯುತ್ತದೆ, ಕೆಲವು ತಲೆಮಾರುಗಳಲ್ಲಿ ಅದೂ ಇಲ್ಲ. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಮದುವೆಯಾಗಿ ಬಂದ ಸೊಸೆಗೆ ಹೊಸ ಹೆಸರಿಡುವ ರೂಢಿಯಿತ್ತು. ನನ್ನ ಅಜ್ಜಿಯ ತವರಿನ ಹೆಸರು ಬೇರೆಯೇ ಇತ್ತೆಂಬುದು ನನಗೆ ತಿಳಿದದ್ದು ಅವಳು ತೀರಿಕೊಂಡ ಮೇಲೆ, ಅವಳ ತಮ್ಮ ಆ ಹೆಸರು ಹಿಡಿದು ಕರೆದು ಅತ್ತಾಗ. ದಯವಿಟ್ಟು ಪ್ರತಿ ಹೆಣ್ಣುಮಗಳ ಎರಡೂ ಹೆಸರುಗಳನ್ನು, ತವರೂರನ್ನು, ಆ ಊರಿಗೂ ನಿಮ್ಮ ಊರಿಗೂ ಇದ್ದ ನೆಂಟಸ್ತಿಕೆಯನ್ನು ಬರೆದುಕೊಳ್ಳಿ. ನದಿಯ ಎರಡೂ ದಂಡೆಯ ಊರುಗಳು ಒಂದಕ್ಕೊಂದು ಹೇಗೆ ಹೆಣೆದುಕೊಂಡಿದ್ದವೆಂಬುದು ಆಗ ತಾನೇ ಕಾಣುತ್ತದೆ.

ಹೆಂಗಸರನ್ನು ಗಂಡಸರ ಎದುರಿಗೆ ಕೂರಿಸಿ ಕೇಳಬೇಡಿ. ನಾನು ಮಾಡಿದ್ದು ಹೀಗೆ: ನಮ್ಮ ದೊಡ್ಡಮ್ಮನ ಮನೆಗೆ ಹೋಗಿ, ಟ್ರಂಕಿನಲ್ಲಿದ್ದ ಹಳೆಯ ಕೌದಿಯನ್ನು ನೆಲಕ್ಕೆ ಹಾಸಿಸಿ, ಅದರ ಪಕ್ಕದಲ್ಲಿ ಕುಳಿತುಕೊಂಡೆ. ಕೌದಿಯೆಂದರೆ ಮನೆಯವರು ಉಟ್ಟು ಹಳತಾದ ಬಟ್ಟೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದದ್ದು. ಅವರು ಮೂಲೆಯಿಂದ ಬೆರಳಿಟ್ಟುಕೊಂಡು ಬಂದರು. ಈ ಕೆಂಪು ತುಂಡು ಅತ್ತೆಯ ಇಳಕಲ್ಲ ಸೀರೆಯ ಸೆರಗು, ಸೆರಗಿನ ಟೋಪಿ ತೆನಿ ವಿನ್ಯಾಸ ಇನ್ನೂ ಕಾಣುತ್ತದೆ ನೋಡು. ಇದು ನನ್ನ ಮದುವೆಯ ಕುಪ್ಪಸದ ಗುಳೇದಗುಡ್ಡ ಖಣ. ಈ ನೀಲಿ ಗೆರೆಯದ್ದು ಹೊಳೆಯಲ್ಲಿ ಹೋದ ಮೈದುನನ ಅಂಗಿ. ಆ ಮೈದುನನ ಹೆಸರು ಯಾವ ವಹಿಯಲ್ಲೂ ಇಲ್ಲ, ಮಕ್ಕಳಾಗದೆ ಹದಿನಾರು ವರ್ಷಕ್ಕೇ ಸತ್ತವನ ಹೆಸರನ್ನು ಯಾರು ಬರೆಯುತ್ತಾರೆ? ನಾನು ಎರಡು ಗಂಟೆ ಒಂದೂ ಪ್ರಶ್ನೆ ಕೇಳಲಿಲ್ಲ. ಕೌದಿಯ ಎರಡೂ ಮಗ್ಗುಲುಗಳನ್ನು ಹಗಲಿನ ಬೆಳಕಿನಲ್ಲಿ ಫೋಟೋ ತೆಗೆದು, ಒಂದೊಂದು ತುಂಡಿಗೂ ಅಂಕಿ ಹಾಕಿ, ಅವರ ಮಾತನ್ನು ಅದಕ್ಕೆ ಜೋಡಿಸಿದ್ದೇನೆ.

ಬೀಸುಕಲ್ಲಿನ ಪದಗಳು, ಸೋಬಾನ ಪದಗಳು ನೆನಪಿರುವವರಿದ್ದರೆ ತಡಮಾಡಬೇಡಿ. ಹಾಡುವಾಗ ಅವರು ನಡುವೆ ತವರಿನ ಅಣ್ಣನ ಹೆಸರನ್ನು, ಊರದೇವರ ಹೆಸರನ್ನು ಸೇರಿಸಿ ಹಾಡುತ್ತಾರೆ. ಆ ಹೆಸರುಗಳೇ ನಿಮಗೆ ಬೇಕಾದ ಚರಿತ್ರೆ. ಕೈಯಲ್ಲಿ ಬೀಸುಕಲ್ಲಿನ ಗೂಟ ಇದ್ದರೆ ಪದ ಬರುತ್ತದೆ, ಸುಮ್ಮನೆ ಕುಳಿತರೆ ಮರೆತುಹೋಗಿದೆ ಎನ್ನುತ್ತಾರೆ. ಮಾತಿನ ನಡುವೆ "ಇದನ್ನ ಬರಕೋಬ್ಯಾಡವ್ವಾ" ಎಂದರೆ ಮುದ್ರಣ ನಿಲ್ಲಿಸಿ, ನಿಲ್ಲಿಸಿದ್ದನ್ನು ಅವರಿಗೆ ತೋರಿಸಿ.

ಉತ್ತರ 3: ನಿವೃತ್ತ ಭೂಮಾಪಕ

ಮಾನ್ಯರೇ, ಹಿರಿಯರ ನೆನಪಿಗೆ ಆಧಾರವಾಗಿ ನಿಲ್ಲುವ ಕಾಗದಪತ್ರಗಳ ಬಗ್ಗೆ ತಿಳಿಸುತ್ತೇನೆ. ಕಂದಾಯ ಇಲಾಖೆಯಲ್ಲಿ ಮೂರು ದಶಕ ಕೆಲಸ ಮಾಡಿದವನಾಗಿ ಬರೆಯುತ್ತಿದ್ದೇನೆ.

ತಮ್ಮ ಊರಿನ ಬಗ್ಗೆ ಅತ್ಯಂತ ವಿವರವಾದ ದಾಖಲೆ ಯಾವುದೆಂದರೆ, ವಿಚಿತ್ರವೆನಿಸಬಹುದು, ಅದನ್ನು ಮುಳುಗಿಸಲು ಸಿದ್ಧಪಡಿಸಿದ ಕಡತ. 1894ರ ಭೂಸ್ವಾಧೀನ ಕಾಯ್ದೆಯಡಿ ಊರಿನ ಜಾಗವನ್ನು ತೆಗೆದುಕೊಳ್ಳುವಾಗ 4(1)ನೇ ಕಲಮಿನ ಅಧಿಸೂಚನೆ, 6(1)ರ ಘೋಷಣೆ, ಆಮೇಲೆ 11ನೇ ಕಲಮಿನಡಿ ಪರಿಹಾರ ನಿಗದಿಪಡಿಸುವ ಐತೀರ್ಪು ಆಗಿರುತ್ತದೆ. ಐತೀರ್ಪಿನೊಂದಿಗೆ ಇರುವ ಮೌಲ್ಯಮಾಪನದಲ್ಲಿ ಮನೆಮನೆಯ ಮಾಲೀಕರ ಹೆಸರು, ಗೋಡೆ ಮಣ್ಣಿನದೋ ಕಲ್ಲಿನದೋ, ತೊಲೆ ಕಂಬಗಳು ಯಾವ ಕಟ್ಟಿಗೆಯವು, ಉದ್ದಗಲ ಎಷ್ಟು ಎಂಬ ವಿವರಗಳು ಸಿಗುತ್ತವೆ. ಊರವರ ಬಳಿ ಉಳಿದಿರುವ ನೋಟೀಸುಗಳನ್ನು ಮೊದಲು ಕೂಡಿಸಿ, ಅದರಲ್ಲಿರುವ ಕಡತದ ಸಂಖ್ಯೆಯನ್ನು ಹಿಡಿದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಭೂಸ್ವಾಧೀನಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಿ.

ಎರಡನೆಯದು, ಕೈಬರಹದ ಹಳೆಯ ಉತಾರಗಳು (ಹೊಲದ ಪಹಣಿ ಪತ್ರಗಳು) ಮತ್ತು ವಾರಸುದಾರರ ಹೆಸರು ದಾಖಲಿಸುವ ವಾರಸಾ ಡೈರಿಗಳು. ಒಬ್ಬರು ತೀರಿಕೊಂಡಾಗ ಹೊಲ ಯಾರ ಹೆಸರಿಗೆ ಹೋಯಿತೆಂಬ ನೋಂದಣಿಯಿಂದ ಸಾವಿನ ಕಾಲವೂ ಮಕ್ಕಳ ಹೆಸರುಗಳೂ ತಿಳಿಯುತ್ತವೆ. ಶಾಲೆಯ ದಾಖಲಾತಿ ವಹಿ ಊರಿನೊಂದಿಗೇ ಹೊಸ ಜಾಗಕ್ಕೆ ಬಂದಿರುತ್ತದೆ, ಮುಖ್ಯೋಪಾಧ್ಯಾಯರನ್ನು ವಿನಂತಿಸಿ ನೋಡಿ. ಬಿಜಾಪುರ ಜಿಲ್ಲೆಯ 1961ರಿಂದ 1991ರವರೆಗಿನ ಜನಗಣತಿ ಕೈಪಿಡಿಗಳಲ್ಲಿ ಪ್ರತಿ ಹಳ್ಳಿಯ ಜನಸಂಖ್ಯೆಯಿದೆ. ಬಾಗಲಕೋಟೆ ಜಿಲ್ಲೆ ಆದದ್ದು 1997ರಲ್ಲಿ, ಆದ್ದರಿಂದ ಅದಕ್ಕಿಂತ ಹಿಂದಿನದನ್ನೆಲ್ಲ ಬಿಜಾಪುರದ ಹೆಸರಿನಲ್ಲಿ ಹುಡುಕಬೇಕು. ಇನ್ನೂ ಹಿಂದಕ್ಕೆ, 1885ರವರೆಗೆ, ಜಿಲ್ಲಾ ಕೇಂದ್ರ ಕಲಾದಗಿಯಾಗಿತ್ತೆಂಬುದು ನೆನಪಿರಲಿ. ಊರಿನ ಲೆಕ್ಕ ಬರೆಯುತ್ತಿದ್ದ ಕುಲಕರ್ಣಿ ಮನೆತನದವರ ಬಳಿ ಹಳೆಯ ದಫ್ತರವಿದ್ದರೆ ಅದರಲ್ಲಿ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದಗಳಿರುವ ಸಾಧ್ಯತೆಯಿದೆ; ಓದಲು ಬರುವುದಿಲ್ಲವೆಂದು ಬಿಡಬೇಡಿ, ಫೋಟೋ ತೆಗೆದಿಡಿ. ಅಮೆರಿಕದ ಕರೋನಾ ಎಂಬ ಬೇಹುಗಾರಿಕೆ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳನ್ನು 1995ರಲ್ಲಿ ಬಹಿರಂಗಪಡಿಸಿದ್ದಾರೆ. ಅವುಗಳಲ್ಲಿ ತಮ್ಮ ದಂಡೆಯ ಚಿತ್ರ ಸಿಕ್ಕರೆ, ರಂಗೋಲಿ ನಕ್ಷೆಯನ್ನು ಅದರ ಮೇಲೆ ಕೂರಿಸಿ ನೋಡಬಹುದು.

ಅಚ್ಚು ಹಾಕಿಸುವ ಬಗ್ಗೆ ಒಂದು ಎಚ್ಚರಿಕೆ. ವಂಶಾವಳಿಯೆಂದರೆ ನಮ್ಮಲ್ಲಿ ಆಸ್ತಿಯ ಕಾಗದವೂ ಹೌದು. ದತ್ತು, ಎರಡನೆಯ ಮದುವೆ, ಪಾಲು ಇವುಗಳ ಬಗ್ಗೆ ಅಚ್ಚಾದ ಒಂದು ಸಾಲು ನಾಳೆ ನ್ಯಾಯಾಲಯಕ್ಕೆ ಹೋಗಬಹುದು, ಅಣ್ಣತಮ್ಮಂದಿರು ದೂರವಾಗಬಹುದು. ಬದುಕಿರುವವರ ವಿವರಗಳನ್ನು ಅವರ ಒಪ್ಪಿಗೆಯಿಲ್ಲದೆ ಸೇರಿಸಬೇಡಿ, ಪೂರ್ಣ ಪ್ರತಿಯನ್ನು ಊರವರ ವಶದಲ್ಲಿಡಿ, ಅಚ್ಚಿನಲ್ಲಿ ತೀರಿಕೊಂಡವರ ತಲೆಮಾರುಗಳಷ್ಟೇ ಬರಲಿ.

ಉತ್ತರ 4: ಕೆಳಗಿನ ಕೇರಿ

ಭೂಮಾಪಕ ಹಿರಿಯರ ಮಾತಿಗೆ ಒಂದನ್ನು ಸೇರಿಸಬೇಕು. ಐತೀರ್ಪಿನಲ್ಲಿ ಮಾಲೀಕರ ಹೆಸರಿರುತ್ತದೆ. ನಮ್ಮ ಅಪ್ಪ ಬೇರೆಯವರ ಹೊಲದಲ್ಲಿ ಜೀತ ಮಾಡಿದವರು, ನಮ್ಮ ಗುಡಿಸಲು ಗೌಡರ ಹಿತ್ತಲಿನ ಜಾಗದಲ್ಲಿತ್ತು, ಆದ್ದರಿಂದ ಆ ಕಡತದಲ್ಲಿ ನಾವು ಇಲ್ಲ. ಹೆಳವರು ನಮ್ಮ ಕೇರಿಗೆ ಬರುತ್ತಿರಲಿಲ್ಲ, ಅವರ ವಹಿಯಲ್ಲೂ ನಾವು ಇಲ್ಲ. ಮಾದಿಗರ ಮನೆತನಗಳ ಕಥೆಯನ್ನು ಹೇಳುವವರು ದಕ್ಕಲಿಗರು. ನಮ್ಮ ಮೂಲಪುರುಷನ ಕಥೆಯಾದ ಜಾಂಬವ ಪುರಾಣವನ್ನು ಹೇಳುತ್ತ ಅವರು ನಮ್ಮ ಕೇರಿಗೆ ಬಂದು ಇಳಿದುಕೊಳ್ಳುತ್ತಿದ್ದುದು ನನಗೆ ನೆನಪಿದೆ. ತಾವು ಒಂಬತ್ತು ಜನ ಹಿರಿಯರು ಉಳಿದಿದ್ದಾರೆಂದು ಬರೆದಿದ್ದೀರಿ. ಆ ಒಂಬತ್ತರಲ್ಲಿ ಕೆಳಗಿನ ಕೇರಿಯವರು ಎಷ್ಟು ಜನ ಎಂದು ದಯವಿಟ್ಟು ಇನ್ನೊಮ್ಮೆ ಎಣಿಸಿ ನೋಡಿ.

ಪ್ರಶ್ನೆ ಕೇಳಿದವರಿಂದ: ಹಿನ್ನೀರ ದಂಡೆ

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಒಂದೂವರೆ ತಿಂಗಳು ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮೆಯಿರಲಿ.

ಕೆಳಗಿನ ಕೇರಿಯ ಸಹೋದರರ ಪ್ರಶ್ನೆ ಓದಿ ನಾನು ಎಣಿಸಿದೆ. ಒಂಬತ್ತರಲ್ಲಿ ಅವರ ಕೇರಿಯವರು ಒಬ್ಬರೂ ಇರಲಿಲ್ಲ, ಏಕೆಂದರೆ ನಾನು ಆ ಕಡೆ ಹೋಗಿ ಕೇಳಿರಲೇ ಇಲ್ಲ. ಹೋಗಿ ಕೇಳಿದಾಗ ಮೂವರು ಸಿಕ್ಕರು. ಅವರಲ್ಲಿ ಒಬ್ಬರು ಹಳೆಯ ಊರಿನಲ್ಲಿ ಸತ್ತವರನ್ನು ಹೂಳಲು ಕುಣಿ ತೋಡುತ್ತಿದ್ದವರು. ಯಾವ ಮನೆಯವರನ್ನು ಯಾವ ಬದುವಿನ ಪಕ್ಕದಲ್ಲಿ, ಯಾವ ಗಿಡದ ಬುಡದಲ್ಲಿ ಹೂಳಿದೆನೆಂದು ಅವರು ಒಂದು ಮಧ್ಯಾಹ್ನವಿಡೀ ಹೇಳಿದರು. ನನ್ನ ಮುತ್ತಜ್ಜನ ಗದ್ದುಗೆ ಎಲ್ಲಿತ್ತೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು.

ರಂಗೋಲಿ ನಕ್ಷೆಯನ್ನು ಕಳೆದ ಭಾನುವಾರ ಬರೆದೆವು. ಮೂವತ್ತಾರು ಮನೆಗಳು ಸರಿಯಾಗಿ ಕೂತವು, ಉಳಿದವುಗಳ ಬಗ್ಗೆ ಇನ್ನೂ ಚರ್ಚೆ ನಡೆದಿದೆ. ಅವ್ವ ನಮ್ಮ ಮನೆಯ ಜಾಗದಲ್ಲಿ ನಿಂತವಳು ಬಹಳ ಹೊತ್ತು ಕದಲಲಿಲ್ಲ. ಆಮೇಲೆ ಪಕ್ಕದ ಗೆರೆಯಾಚೆ ನಿಂತಿದ್ದ, ಈಗ ಬೇರೆ ಸಾಲಿನಲ್ಲಿರುವ ತನ್ನ ಹಳೆಯ ನೆರೆಯವಳನ್ನು ಕರೆದು, ಗೋಡೆಯ ಕಿಂಡಿಯಿಂದ ಸಾರಿನ ಬಟ್ಟಲು ದಾಟಿಸುತ್ತಿದ್ದ ಎತ್ತರಕ್ಕೆ ಕೈಚಾಚಿದಳು. ಆ ಕಿಂಡಿಯನ್ನೂ ನಕ್ಷೆಯಲ್ಲಿ ಗುರುತು ಮಾಡಿಕೊಂಡಿದ್ದೇನೆ.

ಹೆಳವರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ. ಒಂದು ದಿನ ಯೋಚಿಸಿ ಅವರು ಒಪ್ಪಿದ್ದಾರೆ. ಫೋಟೋ ತೆಗೆಯುವಾಗ ತಮ್ಮ ಮಗನೂ ಪಕ್ಕದಲ್ಲಿ ಕುಳಿತಿರಬೇಕು, ಓದುವುದನ್ನು ಅವನೂ ಕೇಳಬೇಕು, ಅವನ ಒಂದು ದಿನದ ಗಾಡಿಯ ಬಾಡಿಗೆಯನ್ನು ನಾವೇ ಕೊಡಬೇಕು ಎಂಬುದು ಅವರ ಷರತ್ತು. ಬರುವ ಅಮಾವಾಸ್ಯೆಯ ಮರುದಿನ ಇಬ್ಬರೂ ನಮ್ಮ ಮನೆಗೆ ಬರುತ್ತಿದ್ದಾರೆ.